ಅಜ್ಜಿಯ ಕ್ಯಾಸೆಟ್ಟುಗಳು ಮತ್ತು ಡ್ರೈವರ್ ಬೇಡದ ಕನ್ವರ್ಟರ್

ಈಗ ನೀವು ನೋಡುತ್ತಿರುವ ಈ ತಗಡಿನ ಡಬ್ಬಿಯಲ್ಲಿ ಹದಿನಾಲ್ಕು ಕ್ಯಾಸೆಟ್ಟುಗಳಿವೆ. ನಮ್ಮ ಅಜ್ಜಿ ಮತ್ತು ಅವರ ಓರಗೆಯವರು ಮದುವೆಮನೆಗಳಲ್ಲಿ ಹಾಡಿದ ಸೋಬಾನೆ ಪದಗಳನ್ನು ಅಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಚಿಕ್ಕಮಗಳೂರಿನ ಈಚೆ, ಆಲ್ದೂರು ಕಡೆಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಟೇಪುಗಳನ್ನು ಅದು ಬಿಟ್ಟೀತೇ? ಮೂರು ಕ್ಯಾಸೆಟ್ಟುಗಳ ಸುರುಳಿಯ ಅಂಚಿನಲ್ಲಿ ಆಗಲೇ ಬಿಳಿ ಪುಡಿ ಕಾಣುತ್ತಿದೆ. ಆದ್ದರಿಂದ ಇವುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ಕೆಲಸಕ್ಕೆಂದು ನಾನು ಒಂದು ಯುಎಸ್‌ಬಿ ಆಡಿಯೊ ಕನ್ವರ್ಟರ್, ಅಂದರೆ ಟೇಪಿನ ಸದ್ದನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಬದಲಿಸುವ ಪೆಟ್ಟಿಗೆ, ಕೊಂಡಿದ್ದೆ. ಅದರ ಜೊತೆಗೆ ಡ್ರೈವರಿನ, ಅಂದರೆ ಆ ಉಪಕರಣವನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶದ, ಸಿ.ಡಿ. ಬಂದಿತ್ತು. ಹಳೆಯ ಲ್ಯಾಪ್‌ಟಾಪ್ ಇರುವವರೆಗೆ ಎಲ್ಲವೂ ನಡೆಯಿತು. ಹೊಸದು ಬಂದ ಮೇಲೆ ಆ ಡ್ರೈವರ್ ಅದರಲ್ಲಿ ಕೂರಲಿಲ್ಲ, ತಯಾರಕರು ಹೊಸ ಡ್ರೈವರ್ ಹೊರತರಲೂ ಇಲ್ಲ. ಇಂದಿಗೂ ಸಿಕ್ಕಿಸಿದರೆ ಅದರ ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಸದ್ದು ಮಾತ್ರ ಕಂಪ್ಯೂಟರಿಗೆ ತಲುಪುವುದಿಲ್ಲ. ಯಂತ್ರ ಗಟ್ಟಿಯಾಗಿರುವಾಗಲೇ ಅದನ್ನು ಮೂಲೆಗೆ ಇಡಬೇಕಾಗಿ ಬಂದದ್ದು ನನಗೆ ನಿಜವಾಗಿಯೂ ನೋವು ತಂದಿತು.

ಇದಕ್ಕೆ ಪರಿಹಾರ 1998ರಿಂದಲೇ ಇದೆ. ಯುಎಸ್‌ಬಿ ಮೂಲಕ ಧ್ವನಿಯನ್ನು ಹೇಗೆ ಸಾಗಿಸಬೇಕೆಂಬುದಕ್ಕೆ ಆ ವರ್ಷ ‘ಆಡಿಯೊ ಕ್ಲಾಸ್’ ಎಂಬ ಸಾಮಾನ್ಯ ನಿಯಮಾವಳಿಯೊಂದು ಸಿದ್ಧವಾಯಿತು. ಈ ನಿಯಮಕ್ಕೆ ಒಪ್ಪುವ ಉಪಕರಣವನ್ನು ಸಿಕ್ಕಿಸಿದ ಕೂಡಲೇ ಅದು ತಾನೊಂದು ಆಡಿಯೊ ಉಪಕರಣವೆಂದು ಕಂಪ್ಯೂಟರಿಗೆ ತಿಳಿಸುತ್ತದೆ, ಮತ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲೇ ಅಡಗಿರುವ ಡ್ರೈವರ್ ಅದನ್ನು ನಡೆಸಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲೆ ‘ಪ್ಲಗ್ ಅಂಡ್ ಪ್ಲೇ’ ಎಂದು ಬರೆದಿರುವುದನ್ನಷ್ಟೇ ನಂಬಬೇಡಿ. ಅಂತರ್ಜಾಲದಿಂದ ತಾನಾಗಿ ಡ್ರೈವರ್ ಇಳಿಸಿಕೊಳ್ಳುವ ಉಪಕರಣವೂ ಅದೇ ಮಾತನ್ನು ಹೇಳಿಕೊಳ್ಳಬಹುದು. ‘ಕ್ಲಾಸ್ ಕಂಪ್ಲಯಂಟ್’ (ಆ ನಿಯಮಾವಳಿಗೆ ಒಪ್ಪುವಂಥದ್ದು) ಎಂಬ ಪದವಿದೆಯೇ, ಲಿನಕ್ಸ್ ಅಥವಾ ಐಪ್ಯಾಡ್‌ನಲ್ಲಿಯೂ ನಡೆಯುತ್ತದೆಂದು ಬರೆದಿದೆಯೇ ಎಂದು ನೋಡಿ. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶಕ್ಕೆ ‘-ಟಿ’ ಸೇರಿಸಿ (lsusb -t) ಕೊಟ್ಟರೆ, ಉಪಕರಣದ ಸಾಲಿನಲ್ಲಿ ಅದರ ಕ್ಲಾಸ್ ಯಾವುದೆಂದು ಕಾಣುತ್ತದೆ. ಅಲ್ಲಿ ‘ಆಡಿಯೊ’ ಎಂದಿರಬೇಕು, ‘ವೆಂಡರ್ ಸ್ಪೆಸಿಫಿಕ್’ ಎಂದಿದ್ದರೆ ಅದು ತಯಾರಕರ ಸ್ವಂತ ದಾರಿ, ಅವರದೇ ಡ್ರೈವರ್ ಬೇಕಾದೀತು.

ಆದರೆ ಡ್ರೈವರ್ ಬೇಡವೆಂಬ ಒಂದೇ ಗುಣ ಸಾಲದು ಎಂಬುದನ್ನು ನಾನು ಎರಡನೆಯ ಖರೀದಿಯಲ್ಲಿ ಕಲಿತೆ. ಬೆರಳಿನಷ್ಟು ಚಿಕ್ಕದಾದ, ಕಡಿಮೆ ಬೆಲೆಯ ಆ ಡಾಂಗಲ್ ಸಿಕ್ಕಿಸಿದ ಗಳಿಗೆಯಲ್ಲೇ ಕೆಲಸ ಮಾಡಿತು. ರೆಕಾರ್ಡ್ ಮಾಡಿ ಕೇಳಿದಾಗ ಅಜ್ಜಿಯ ದನಿ ಸ್ಪಷ್ಟವಾಗಿತ್ತು, ಅವರ ಸಾಲನ್ನು ತಿರುಗಿ ಹೇಳುತ್ತಿದ್ದ ಅತ್ತೆಯರ ದನಿ ಮಾತ್ರ ಹಿತ್ತಲಿನಿಂದ ಬಂದಂತೆ ಕ್ಷೀಣವಾಗಿತ್ತು. ಅಪ್ಪನ ಟೇಪ್ ರೆಕಾರ್ಡರಿಗೆ ಎರಡು ಮೈಕುಗಳಿದ್ದವು. ಅಜ್ಜಿ ಎಡಕ್ಕೆ, ಅತ್ತೆಯರು ಬಲಕ್ಕೆ ಕುಳಿತಿದ್ದರು. ಡಾಂಗಲ್‌ನಲ್ಲಿದ್ದದ್ದು ಒಂದೇ ಚಾನೆಲ್ಲಿನ ಮೈಕ್ ಕಿಂಡಿಯಾದ್ದರಿಂದ ಬಲಭಾಗ ಪೂರ್ತಿ ಬಿಟ್ಟುಹೋಗಿತ್ತು. ಕ್ಯಾಸೆಟ್ಟಿಗೆ ಬೇಕಾದದ್ದು ಸ್ಟೀರಿಯೊ ಲೈನ್-ಇನ್, ಅಂದರೆ ಸಾಮಾನ್ಯವಾಗಿ ಕೆಂಪು ಮತ್ತು ಬಿಳಿ ಆರ್‌ಸಿಎ ಕಿಂಡಿಗಳ ಜೋಡಿ.

ದೊಡ್ಡ ಅಂಕಿಗಳಿಗೆ ಮರುಳಾಗುವ ಅಗತ್ಯವೂ ಇಲ್ಲ. 192 ಕಿಲೋಹರ್ಟ್ಸ್‌ನಂತಹ ವೇಗಕ್ಕೆ, ಅಂದರೆ ಸದ್ದನ್ನು ಸೆಕೆಂಡಿಗೆ 1,92,000 ಸಲ ಅಳೆದು ದಾಖಲಿಸುವುದಕ್ಕೆ, 2006ರ ಎರಡನೆಯ ಆಡಿಯೊ ಕ್ಲಾಸ್ ಬೇಕು; ಅದಕ್ಕೆ ವಿಂಡೋಸ್‌ನಲ್ಲಿ ಒಳಗಿನ ಡ್ರೈವರ್ ದೊರೆತದ್ದು 2017ರಲ್ಲಿ, ವಿಂಡೋಸ್ 10ರ 1703ನೆಯ ಆವೃತ್ತಿಯೊಂದಿಗೆ. ಅದಕ್ಕಿಂತ ಹಳೆಯ ವಿಂಡೋಸ್ ಇದ್ದರೆ ದುಬಾರಿ ಉಪಕರಣವೇ ಮತ್ತೆ ಸಿ.ಡಿ. ಕೇಳುತ್ತದೆ. ಕ್ಯಾಸೆಟ್ಟಿನ ಸ್ವಂತ ಸುಯ್ಗುಡುವಿಕೆಯ ಮುಂದೆ ಪ್ರತಿ ಅಳತೆಗೆ 16 ಬಿಟ್, ವೇಗ 48 ಕಿಲೋಹರ್ಟ್ಸ್ ಧಾರಾಳವಾಯಿತು, ಮತ್ತು ಅದಕ್ಕೆ ಮೊದಲನೆಯ ಕ್ಲಾಸ್ ಸಾಕು.

ಕೊನೆಗೆ ನಾನು ಇರಿಸಿಕೊಂಡದ್ದು ಈ ಬೆಹ್ರಿಂಗರ್ ಯುಸಿಎ 202. ಇದರಲ್ಲಿ ಆರ್‌ಸಿಎ ಕಿಂಡಿಗಳಿವೆ, ಕೇಳಲು ಹೆಡ್‌ಫೋನ್ ಕಿಂಡಿಯಿದೆ. ಒಳಬರುವ ಸದ್ದನ್ನು ಏರಿಸಿ ಇಳಿಸುವ ಗುಂಡಿ ಇದರಲ್ಲಿಲ್ಲ, ಆದ್ದರಿಂದ ಟೇಪ್ ಪ್ಲೇಯರಿನ ಇಯರ್‌ಫೋನ್ ಕಿಂಡಿಯಿಂದ ತಂತಿ ಎಳೆದು, ಅಲ್ಲಿಯ ವಾಲ್ಯೂಮನ್ನೇ ಹದಮಾಡುತ್ತೇನೆ. ಅತಿ ಜೋರಾದ ದನಿಯೂ ರೆಕಾರ್ಡಿಂಗ್ ತಂತ್ರಾಂಶದ ಮೀಟರಿನಲ್ಲಿ (ಅಲ್ಲಿ ಸೊನ್ನೆಯೇ ಗರಿಷ್ಠ) ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದಾಗ ಗುಂಯ್ ಎನ್ನುವ ಸದ್ದು ಸೇರುತ್ತಿತ್ತು, ಅದನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿದ ಮೇಲೆ ನಿಂತಿತು. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 690 ಎಂಬಿ ಜಾಗ ಹಿಡಿಯುತ್ತದೆ.

ಇದೀಗ ಓಡುತ್ತಿರುವುದು ಐದನೆಯ ಕ್ಯಾಸೆಟ್ಟಿನ ಎರಡನೆಯ ಮಗ್ಗುಲು. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಎಡಕಿವಿಯಲ್ಲಿ ಅಜ್ಜಿ ಪದ ಎತ್ತಿದ್ದಾರೆ, ಬಲಕಿವಿಯಲ್ಲಿ ಅತ್ತೆಯರು ಸೇರಿಕೊಳ್ಳುತ್ತಿದ್ದಾರೆ.