ರೈಫಲ್ ಬೆಡ್ಡಿಂಗ್: ಸ್ಕ್ರೂ ಬಿಗಿಯಾದ್ರೆ ಸಾಲದು

[ದೃಶ್ಯ: ಮೇಜಿನ ಮೇಲೆ ಬಿಚ್ಚಿಟ್ಟ ಏರ್ ರೈಫಲ್, ಹೊರಗೆ ಮಳೆ]

ನಮಸ್ಕಾರ. ಬೆಂಗಳೂರಿನ ಹಳೇ ಮನೆಗಳಲ್ಲಿ ಇರೋರಿಗೆ ಗೊತ್ತು: ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಕೊಳ್ಳುತ್ತೆ, ಮಾರ್ಚ್‌ನಲ್ಲಿ ಅದೇ ಬಾಗಿಲು ಸಲೀಸು. ರೈಫಲ್ ಸ್ಟಾಕೂ, ಅಂದ್ರೆ ಭುಜಕ್ಕೆ ಒರಗಿಸೋ ಹಿಡಿ ಭಾಗವೂ ಮರಾನೇ. ಅದು ಉಬ್ಬಿ ಕುಗ್ಗಿದ ಹಾಗೆಲ್ಲ ಮೇಲಿರೋ ಆ್ಯಕ್ಷನ್, ಅಂದ್ರೆ ಗುಂಡು ಹಾರಿಸೋ ಲೋಹದ ಭಾಗ, ಕೂರೋ ರೀತಿ ಬದಲಾಗುತ್ತೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಹೋದ ಮಳೆಗಾಲದಲ್ಲಿ ನನ್ನ ಗುರಿ ದಿನಕ್ಕೊಂದು ಕಡೆ ಬೀಳ್ತಿತ್ತು. ಸ್ಕೋಪ್ ಬದಲಿಸಿದೆ, ಪೆಲೆಟ್ ಬದಲಿಸಿದೆ. ತಪ್ಪು ಇದ್ದದ್ದು ಸ್ಟಾಕ್ ಒಳಗೆ. ಆ್ಯಕ್ಷನ್ ಮರದಲ್ಲಿ ಸರಿಯಾಗಿ ಕೂರೋ ಹಾಗೆ ಎಪಾಕ್ಸಿ ಅಂಟಿನಲ್ಲಿ ಅದರ ಅಚ್ಚು ಮಾಡೋದೇ ಬೆಡ್ಡಿಂಗ್, ಇವತ್ತು ಅದನ್ನೇ ತೋರಿಸ್ತೀನಿ.

ಮುಂದೆ ಹೋಗೋ ಮೊದಲು ಒಂದು ಮಾತು. ಇದು .177 ಇಂಚು ಅಳತೆಯ ಏರ್ ರೈಫಲ್, 20 ಜೂಲ್‌ಗಿಂತ ಕಡಿಮೆ ಶಕ್ತಿಯದು. ಲೈಸೆನ್ಸ್ ಬೇಕಾದ ಬಂದೂಕು ನಿಮ್ಮದಾಗಿದ್ರೆ ದಯವಿಟ್ಟು ಮನೇಲಿ ಕೈ ಹಾಕ್ಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ರಿಪೇರಿಗೂ ಪರವಾನಗಿ ಕೇಳುತ್ತೆ. ಪರವಾನಗಿ ಇರೋ ರಿಪೇರಿಯವರ ಹತ್ರಾನೇ ಕೊಡಿ.

[ದೃಶ್ಯ: ಆ್ಯಕ್ಷನ್ ಮತ್ತು ಮರ ಸೇರೋ ಗೆರೆ ಮೇಲೆ ಬೆರಳು]

ಬ್ಯಾರಲ್ ಖಾಲಿ ಇದೆಯಾ, ಕಾಕ್ ಆಗಿಲ್ವಾ (ಹಾರಿಸೋಕೆ ಸಜ್ಜಾಗಿಲ್ವಾ), ಎರಡು ಸಲ ನೋಡಿ. ಈಗ ಗೆರೆ ಮೇಲೆ ಬೆರಳಿಟ್ಟು ಮುಂದಿನ ಸ್ಕ್ರೂ ನಿಧಾನವಾಗಿ ಸಡಿಲಿಸಿ. ಲೋಹ ಮೇಲೆದ್ದ ಹಾಗೆ ಬೆರಳಿಗೆ ಗೊತ್ತಾಯ್ತಾ? ಹಾಗಾದ್ರೆ ಇಷ್ಟು ದಿನ ಸ್ಕ್ರೂ ಅದನ್ನ ಬಗ್ಗಿಸಿ ಹಿಡಿದಿತ್ತು ಅಂತ.

ಎಲ್ಲಿ ತಾಗ್ತಿದೆ ಅಂತ ತಿಳಿಯೋಕೆ ದೀಪದ ಮಸಿ ಸಾಕು. ಎಣ್ಣೇಲಿ ಕಲಸಿ ಆ್ಯಕ್ಷನ್ ತಳಕ್ಕೆ ತೆಳ್ಳಗೆ ಸವರಿ, ಸ್ಟಾಕ್‌ನಲ್ಲಿ ಕೂರಿಸಿ, ಎತ್ತಿ. ನನ್ನದರಲ್ಲಿ ಮಸಿ ಹತ್ತಿದ್ದು ಮೂರೇ ಕಡೆ. ಕುಂಟೋ ಮೇಜಿನ ಥರ ನಿಂತಿತ್ತು ಅದು.

ಆ ಮಸಿ ಒರೆಸಿ, ಎಪಾಕ್ಸಿ ಬರೋ ಜಾಗದಲ್ಲಿ ಮರವನ್ನ ಒಂದೆರಡು ಮಿ.ಮೀ. ಉಳಿಯಿಂದ ತೆಗೀರಿ. ಎರಡು ತುದೀಲಿ ಹಳೇ ಮರ ಸ್ವಲ್ಪ ಉಳಿಸಿ, ಇಲ್ಲಾಂದ್ರೆ ಎತ್ತರ ತಪ್ಪುತ್ತೆ. ಮರದಲ್ಲಿ ಎಣ್ಣೆ ಇದ್ರೆ ಅಂಟು ಹಿಡಿಯಲ್ಲ, ಥಿನ್ನರ್‌ನಲ್ಲಿ ಒರೆಸಿ.

ಇನ್ನು ಎಪಾಕ್ಸಿ ಲೋಹಕ್ಕೆ ಅಂಟದ ಹಾಗೆ ಮೇಣ. ಇಲ್ಲಿ ಅವಸರ ಮಾಡಿದ್ರೆ ಆ್ಯಕ್ಷನ್ ಸ್ಟಾಕ್‌ಗೆ ಶಾಶ್ವತವಾಗಿ ಅಂಟುತ್ತೆ. ಲೋಹಕ್ಕೆ, ಸ್ಕ್ರೂಗಳಿಗೆ ಮೂರು ಸಲ ಮೇಣದ ಶೂ ಪಾಲಿಶ್ ಹಚ್ಚಿ, ಪ್ರತಿ ಸಲ ಒಣಗಲು ಬಿಡಿ. ಟ್ರಿಗರ್ ಜಾಗ, ತೂತು, ಸಂದು, ಎಲ್ಲದಕ್ಕೂ ಮಕ್ಕಳು ಆಡೋ ಕ್ಲೇ ತುಂಬಿ. ಒಂದು ಸಂದಿಗೆ ಎಪಾಕ್ಸಿ ನುಗ್ಗಿ ಗಟ್ಟಿಯಾದ್ರೂ ಅದು ಬೀಗ ಹಾಕಿದ ಹಾಗೆ.

[ದೃಶ್ಯ: ಎಪಾಕ್ಸಿ ಕಲಸೋದು]

ಐದು ನಿಮಿಷದ ಅಂಟು ಬೇಡ, ನಿಧಾನವಾಗಿ ಗಟ್ಟಿಯಾಗೋದು ತಗೊಳ್ಳಿ. ಗುಳ್ಳೆ ಬರದ ಹಾಗೆ ಕಲಸಿ, ತುಂಬಿ, ಆ್ಯಕ್ಷನ್ ಇಳಿಸಿ. ಸ್ಕ್ರೂ ಬೆರಳಲ್ಲಿ ತಿರುಗಿಸಿದಷ್ಟೇ, ಅದಕ್ಕಿಂತ ಒಂದು ಸುತ್ತೂ ಬೇಡ. ನನ್ನ ಮೊದಲ ಪ್ರಯತ್ನ ಕೆಟ್ಟಿದ್ದು ಇಲ್ಲೇ: ಬಿಗಿದೆ, ಲೋಹ ಬಾಗಿತು, ಬಾಗಿದ ಆಕಾರಾನೇ ಎಪಾಕ್ಸಿಯಲ್ಲಿ ಅಚ್ಚಾಯ್ತು. ಪೂರ್ತಿ ಕೆತ್ತಿ ತೆಗೆದು ಮತ್ತೆ ಮಾಡ್ಬೇಕಾಯ್ತು.

ಹೊರಗೆ ಉಕ್ಕಿದ್ದನ್ನ ಹಸಿ ಇದ್ದಾಗಲೇ ಒರೆಸಿ. ಆಮೇಲೆ ಪೂರ್ತಿ ಒಂದು ದಿನ ಮುಟ್ಟಬೇಡಿ. ಮಳೆಗಾಲದ ತಂಪಿಗೆ ನಾನು ಎರಡು ದಿನ ಬಿಟ್ಟೆ.

[ದೃಶ್ಯ: ಮತ್ತೆ ಅದೇ ಗೆರೆ, ಅದೇ ಬೆರಳು]

ಸ್ಕ್ರೂ ತೆಗೆದು, ರಬ್ಬರ್ ಸುತ್ತಿಗೇಲಿ ಮೆಲ್ಲಗೆ ತಟ್ಟಿ ಬಿಡಿಸಿ, ಕ್ಲೇ ತೆಗೆದು ಮತ್ತೆ ಜೋಡಿಸಿದೆ. ಈಗ ನೋಡಿ, ಮುಂದಿನ ಸ್ಕ್ರೂ ಸಡಿಲಿಸ್ತಿದೀನಿ... ಬೆರಳಿಗೆ ಏನೂ ಗೊತ್ತಾಗ್ತಿಲ್ಲ.