ಬಂದರಿನ ಕಡತ ಯಾರ ಮೇಜಿನ ಮೇಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ದಕ್ಕೆಯಲ್ಲಿ ಬೋಟು ಕಟ್ಟಿ ಚಹಾ ಕುಡಿಯುತ್ತ ಕೂತವರಿಗೆ, ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡವರಿಗೆ, ವರ್ಷಕ್ಕೊಮ್ಮೆ ಕಡಲು ನೋಡಲು ಇಳಿದು ಬರುವ ಘಟ್ಟದ ಮೇಲಿನವರಿಗೆ, ಎಲ್ಲರಿಗೂ ಇವತ್ತು ಒಂದೇ ಮಾತು ಹೇಳಬೇಕಿದೆ. ಬಂದರು ಬೆಳೆಯುತ್ತದೋ ಸೊರಗುತ್ತದೋ ಎಂಬುದು ಅದರ ಕಡತ ಯಾವ ಸರ್ಕಾರದ ಮೇಜಿನ ಮೇಲಿದೆ ಎನ್ನುವುದನ್ನು ಅವಲಂಬಿಸಿದೆ. ನೀರು ಆಳವಿದ್ದರೆ ಸಾಕು, ಹಡಗು ತಾನಾಗಿಯೇ ಬರುತ್ತದೆ ಎನ್ನುವವರ ಮುಂದೆ ನನ್ನ ತಾಳ್ಮೆ ಉಳಿಯುವುದಿಲ್ಲ. ಅವರಿಗೆ ನಾನು ಕಾರವಾರದ ಕಥೆ ಹೇಳುತ್ತೇನೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿಗೆ ಕುತ್ತು ಬಂತು. ಮ್ಯಾಂಚೆಸ್ಟರಿನ ಗಿರಣಿಗಳು ಸುಮ್ಮನೆ ನಿಲ್ಲುವ ಹಾಗಿಲ್ಲ. ಹತ್ತಿ ನಮ್ಮ ಧಾರವಾಡ ಸೀಮೆಯಲ್ಲಿತ್ತು. ಅದಕ್ಕೆ ಹತ್ತಿರದ ಒಳ್ಳೆಯ ಬಂದರು ಯಾವುದು? ಕಾಳಿ ನದಿ ಕಡಲು ಸೇರುವ ಕಾರವಾರ, ಸದಾಶಿವಗಡ. ಸುತ್ತ ಗುಡ್ಡ, ಎದುರಿಗೆ ದ್ವೀಪಗಳ ಮರೆ. ಪ್ರಕೃತಿ ಎಲ್ಲವನ್ನೂ ಕೊಟ್ಟಿತ್ತು. ಆದರೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದರಾಸು ಪ್ರಾಂತ್ಯದಲ್ಲಿ! ಹತ್ತಿಯ ಕಡತ ಒಂದು ಮೇಜಿನ ಮೇಲೆ, ಬಂದರಿನ ಕಡತ ಇನ್ನೊಂದರ ಮೇಲೆ. ಪಕ್ಕದವರ ಹತ್ತಿ ಸಾಗಿಸಲು ನಾವೇಕೆ ಘಟ್ಟ ಕಡಿದು ರಸ್ತೆ ಮಾಡಬೇಕು ಎಂದು ಯಾವ ಸರ್ಕಾರಕ್ಕಾದರೂ ಅನ್ನಿಸದೆ ಇರುತ್ತದೆಯೇ?

ಮ್ಯಾಂಚೆಸ್ಟರಿನ ವರ್ತಕರು ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಸ್ವಲ್ಪ ಯೋಚಿಸಿ: ಒಂದು ಬಂದರಿನ ಆಸೆಗೆ ಇಡೀ ಜಿಲ್ಲೆಯೇ ಮೇಜು ಬದಲಿಸಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಅಣ್ಣತಮ್ಮಂದಿರ ಮನೆ ಹಿಸ್ಸೆಯಾದ ಹಾಗೆ ಬೇರೆಯಾದ ಈ ಎರಡು ಜಿಲ್ಲೆಗಳು ಮತ್ತೆ ಒಂದೇ ರಾಜ್ಯದಲ್ಲಿ ಕೂಡಲು 1956 ಬರಬೇಕಾಯಿತು.

ಆಮೇಲೆ ಏನಾಯಿತು? ಮ್ಯಾಂಚೆಸ್ಟರಿನ ಕಂಪನಿಯವರು ಬಂದಾಗ ಘಟ್ಟದ ರಸ್ತೆಯೇ ಮುಗಿದಿರಲಿಲ್ಲ. 1864ರಲ್ಲಿ ಕಾರವಾರದೆದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭ ಹೊತ್ತಿತು. ಮರುವರ್ಷ ಅಮೆರಿಕದ ಯುದ್ಧ ಮುಗಿಯಿತು, ಅದರೊಂದಿಗೆ ಹತ್ತಿಯ ಆತುರವೂ ಮುಗಿಯಿತು. ರೈಲು ಬರುತ್ತದೆ, ಬರುತ್ತದೆ ಎಂದು ಕಾರವಾರ ಕಾದದ್ದೇ ಬಂತು. 1880ರ ದಶಕದಲ್ಲಿ ಹಳಿ ಕ್ಯಾಸಲ್‌ರಾಕ್ ದಾಟಿ ಗೋವಾದ ಮುರಗಾಂವಿಗೆ ಇಳಿಯಿತು. ಸರಕೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿಯಿಂದ ನಮ್ಮದೇ ಘಟ್ಟ ಇಳಿದು ಈ ಕರಾವಳಿಗೆ ಬರುವ ನೇರ ರೈಲುಹಳಿ ಇವತ್ತಿಗೂ ಇಲ್ಲ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಕಾರವಾರದಲ್ಲೇ ಅರ್ಧ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಲ್ಕತ್ತಕ್ಕೆ 1870ರಲ್ಲಿ, ಮುಂಬಯಿಗೆ 1873ರಲ್ಲಿ ಬಂದರು ನಡೆಸಲು ಪ್ರತ್ಯೇಕ ಮಂಡಳಿಗಳಾದವು. ಹಡಗಿನಿಂದ ಬಂದ ಶುಲ್ಕವನ್ನು ಬಂದರಿಗೇ ಖರ್ಚು ಮಾಡುವ ಅಧಿಕಾರ ಅವುಗಳಿಗಿತ್ತು. ಅದಕ್ಕೇ ಅವು ಬೆಳೆದವು. ಸ್ವಾತಂತ್ರ್ಯದ ನಂತರ ನಮ್ಮ ಸಂವಿಧಾನ ಹಂಚಿಕೆ ಮಾಡಿತು: ಮೇಜರ್ ಪೋರ್ಟ್, ಅಂದರೆ ಪ್ರಮುಖ ಬಂದರು, ಎಂದು ಘೋಷಿಸಿದವು ಕೇಂದ್ರದ ಪಟ್ಟಿಗೆ, ಉಳಿದವು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ. ಆ ಉಳಿದವನ್ನು ನಡೆಸುವ ಭಾರ ರಾಜ್ಯಗಳ ಹೆಗಲಿಗೆ.

ಮಂಗಳೂರಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿ, ನಿಂತಿರುತ್ತದೆ. ಹಲಗೆಯ ಮೇಲೆ ಆಳುಗಳು ತಲೆಯಲ್ಲಿ ಮೂಟೆ ಹೊತ್ತು ನಡೆಯುತ್ತಾರೆ. ಕೆಳಗೆ ಅಕ್ಕಿ, ತರಕಾರಿ, ಸಿಮೆಂಟು ರಾಶಿ ಬಿದ್ದಿರುತ್ತದೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆ ಹೂಳು ತುಂಬುತ್ತಲೇ ಇರುತ್ತದೆ. ಇದು ರಾಜ್ಯದ ಮೇಜು. ಹತ್ತೇ ಕಿಲೋಮೀಟರಿನಾಚೆ ಪಣಂಬೂರಿನ ನವ ಮಂಗಳೂರು ಬಂದರು. ಅದು ನದಿಯ ಅಳಿವೆಯಲ್ಲಿಲ್ಲ. ನೆಲ ಅಗೆದು ಕಡಲನ್ನು ಒಳಗೆ ಕರೆದಿದ್ದಾರೆ. ಆ ಕಡತವನ್ನು ದಿಲ್ಲಿಯ ಮೇಜಿಗೆ ಮುಟ್ಟಿಸಲು ದುಡಿದವರು ಸಂಸದ ಯು. ಶ್ರೀನಿವಾಸ ಮಲ್ಯರು. 1965ರಲ್ಲಿ ತೀರಿಕೊಂಡ ಅವರು ಬಂದರನ್ನು ನೋಡಲಿಲ್ಲ. 1974ರಲ್ಲಿ ಅದು ದೇಶದ ಒಂಬತ್ತನೇ ಮೇಜರ್ ಪೋರ್ಟ್ ಆಯಿತು, 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕುದುರೆಮುಖದ ಅದಿರು ಕೊಳವೆಯಲ್ಲೇ ಅಲ್ಲಿಗೆ ಇಳಿದು ಬಂತು.

ಕಾನೂನು ಈಗಲೂ ಬದಲಾಗುತ್ತಿದೆ. 2021ರ ಕಾಯ್ದೆ ಮೇಜರ್ ಬಂದರುಗಳ ಟ್ರಸ್ಟುಗಳನ್ನು ಪ್ರಾಧಿಕಾರ ಮಾಡಿತು. 1908ರ ಬಂದರು ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಅದರ ವಿವರಕ್ಕೆ ಇನ್ನೊಂದು ದಿನ ಬೇಕು.

ಕಾರವಾರದ ಕಡೆ ಹೋದವರು ದಯವಿಟ್ಟು ಬೈತಖೋಲದ ದಕ್ಕೆಯ ತನಕ ನಡೆದು ಬನ್ನಿ. ನಿಂತ ಜಾಗ ರಾಜ್ಯದ ಬಂದರು. ಗುಡ್ಡದ ತಿರುವು ದಾಟಿದರೆ ಕೇಂದ್ರದ ನೌಕಾನೆಲೆ, ಐಎನ್‌ಎಸ್ ಕದಂಬ. ಕಡಲು ಅದೇ, 1862ರಲ್ಲಿ ಮ್ಯಾಂಚೆಸ್ಟರಿನವರು ಕಣ್ಣಿಟ್ಟ ಕಡಲು. ನಮಸ್ಕಾರ.