ಹೊಳೆ ಬಂದು ಹೋಗೋ ಬಯಲಲ್ಲೇ ನಾವು ಆಡಿದ್ದು

ಎಲ್ಲರಿಗೂ ನಮಸ್ಕಾರ. ನಾನು ಹರಿಹರದೋನು. ಹೊಳೆ ದಂಡೆಯ ತಗ್ಗಿನ ಓಣಿಯಲ್ಲಿ ಹುಟ್ಟಿ ಬೆಳೆದೋನು.

ನಮ್ಮ ಕಡೆ ತುಂಗಭದ್ರಾ ಅಂತ ಹೆಸರು ಹಿಡಿದು ಕರೆಯೋರು ಕಡಿಮೆ. ಹೊಳೆ ಅಂತೀವಿ, ಅಷ್ಟೇ. "ಹೊಳಿ ಬಂತು" ಅಂದ್ರೆ ಸಾಕು, ಅಟ್ಟದ ಮೇಲೆ ಅಕ್ಕಿ ಚೀಲ ಏರಿಸೋಕೆ ಶುರು. ಆದ್ರೆ ಹೊಳೆ ಬಂದಾಗ ಎಷ್ಟೋ ಸಲ ನಮ್ಮೂರಲ್ಲಿ ಬಿಸಿಲಿರೋದು! ದಾವಣಗೆರೆ ಸೀಮೆಗೆ ವರ್ಷಕ್ಕೆ ಬೀಳೋ ಮಳೆ 650 ಮಿಲಿಮೀಟರ್ ಆಸುಪಾಸು. ಅತ್ತ ಆಗುಂಬೆಯಲ್ಲಿ 7,000 ದಾಟುತ್ತೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಪುಷ್ಯ, ಆಶ್ಲೇಷ ಮಳೆ ಜಡಿ ಹಿಡಿದ್ರೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಂ ತುಂಬುತ್ತೆ. ಅದರ ಹೊಟ್ಟೆ ಸಣ್ಣದು, 3.24 ಟಿಎಂಸಿ. ಲಕ್ಕವಳ್ಳಿಯ ಭದ್ರಾ ಡ್ಯಾಂ 71.5 ಟಿಎಂಸಿ ಹಿಡಿಯುತ್ತೆ. ಹಂಗಾಗಿ ಭದ್ರೆ ನಿಂತು ಬರ್ತಾಳೆ, ತುಂಗೆ ನಿಲ್ಲೋದಿಲ್ಲ. ಇಬ್ಬರೂ ಕೂಡ್ಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ, ನಮ್ಮ ಓಣಿ ಬಾಯಿಗೆ ಬರ್ತಾರೆ.

ಇದನ್ನ ನಮಗೆ ಯಾವ ಪುಸ್ತಕವೂ ಹೇಳಿಕೊಡ್ಲಿಲ್ಲ. ಆಡ್ತಾ ಆಡ್ತಾ ಗೊತ್ತಾಯ್ತು.

ಓಣಿ ಮುಗಿದ ಮೇಲೆ, ಹೊಳೆಗೆ ಮುಂಚೆ, ಒಂದು ಬಯಲಿತ್ತು. ಬೇಸಿಗೆಯಲ್ಲಿ ಚಿನ್ನಿದಾಂಡು, ಲಗೋರಿ, ಬುಗುರಿ. ಮೊದಲ ಮಳೆ ಬಿದ್ದ ಕೂಡಲೇ ಆಟ ಬದಲು. ಮಣ್ಣೆತ್ತಿನ ಅಮಾವಾಸ್ಯೆಗೆ ಅಲ್ಲಿಂದಲೇ ಮಣ್ಣು ತಂದು ಎತ್ತು ಮಾಡ್ತಿದ್ವಿ. ಹೊಳೆ ಬಿಟ್ಟು ಹೋದ ಮೆಕ್ಕಲು ಮಣ್ಣು, ಬೆಣ್ಣೆ ಇದ್ದಂಗೆ, ಕೊಂಬು ಎಷ್ಟು ಸಣ್ಣಗೆ ಎಳೆದ್ರೂ ಬಿರುಕು ಬಿಡ್ತಿರಲಿಲ್ಲ. ಆಮೇಲೆ ಕಬ್ಬಿಣದ ಕಂಬಿ ಆಟ. ಹಸಿ ನೆಲಕ್ಕೆ ಕಂಬಿ ಎಸೀಬೇಕು, ಚುಚ್ಚಿ ನಿಂತ್ರೆ ಮುಂದಕ್ಕೆ, ಬಿದ್ರೆ ಸೋಲು. ಸೋತೋನು ಅಷ್ಟು ದೂರವನ್ನೂ ಕುಂಟ್ತಾ ವಾಪಸ್ ಬರಬೇಕು.

ಎಲ್ಲಕ್ಕಿಂತ ದೊಡ್ಡ ಆಟ ಕಡ್ಡಿದು. ಸಂಜೆ ನೀರಿನ ಅಂಚಿಗೆ ಒಬ್ಬೊಬ್ಬರೂ ಒಂದೊಂದು ಕಡ್ಡಿ ಹುಗಿದು ಬರ್ತಿದ್ವಿ. ಬೆಳಿಗ್ಗೆ ಎದ್ದು ಹಲ್ಲುಜ್ಜೋಕೂ ಮುಂಚೆ ಓಟ. ಯಾರ ಕಡ್ಡಿ ಮುಳುಗಿದೆ, ಯಾರದು ಒಣ ನೆಲದಲ್ಲಿ ನಿಂತಿದೆ? ನೀರು ಕೆಂಪಾಗಿ, ಮೇಲೆ ನೊರೆ, ಅದರ ಮೇಲೆ ಅಡಿಕೆ ಹಾಳೆ ತೇಲಿ ಬಂದ್ರೆ ಮಲೆನಾಡಲ್ಲಿ ಮಳೆ ಬಿಟ್ಟಿಲ್ಲ ಅಂತ ಅರ್ಥ. ನಮ್ಮಜ್ಜಿ ಒಲೆ ಮುಂದೆ ಕೂತೇ ಕೇಳೋರು, "ಏನಾತಲೇ ನಿನ್ ಕಡ್ಡಿ?" ಮುಳುಗೈತಿ ಅಂದ್ರೆ ಟ್ರಂಕು ಕಟ್ಟೋರು. ಎಂಟು ವರ್ಷದ ಹುಡುಗನ ಮಾತಿಗೆ ಮನೆ ಎದ್ದು ನಿಲ್ತಿತ್ತು. ಆ ಹೆಮ್ಮೆ ನನಗೆ ಈಗಲೂ ಎದೆಯಲ್ಲಿದೆ.

ಅಪಾಯ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಹಾವು ಬರ್ತಿದ್ವು. ಸುಳಿ ಇತ್ತು. ಸೊಂಟ ದಾಟಿ ನೀರಿಗೆ ಇಳಿದೋರಿಗೆ ದೊಡ್ಡೋರು ಪೊರಕೆ ಹಿಡೀತಿದ್ರು, ಸರಿಯಾಗೇ ಹಿಡೀತಿದ್ರು. ಗಂಜಿ ಕೇಂದ್ರದಲ್ಲಿ ಮಲಗಿದ ರಾತ್ರಿಗಳು ಅಮ್ಮನಿಗೆ ಎಷ್ಟು ಕಷ್ಟ ಕೊಟ್ವು ಅಂತ ನನಗೆ ದೊಡ್ಡೋನಾದ ಮೇಲೆ ತಿಳೀತು. ಪಂಚಮಿ ಜೋಕಾಲಿಯನ್ನ ಅಲ್ಲಿ ಶಾಲೆ ಅಂಗಳದ ಮರಕ್ಕೆ ಕಟ್ಟಿ ಜೀಕಿದ್ವಿ, ಕೊಬ್ಬರಿ ಬಟ್ಟಲು ಆಡಿಸಿದ್ವಿ. ಮನೆ ನೀರಲ್ಲಿ, ಹಬ್ಬ ಅಂಗಳದಲ್ಲಿ.

ಈಗ ಜನ ಏನಂತಾರೆ? "ಮಕ್ಕಳು ಮೊಬೈಲ್ ಬಿಟ್ಟು ಆಚೆ ಬರಲ್ಲ, ಹೊಳೆ ಬೇರೆ ಜಾಸ್ತಿ ಆಗೈತಿ." ನಾನು ಇದನ್ನ ಒಪ್ಪೋದಿಲ್ಲ. ಆ ಬಯಲು ಯಾಕೆ ಖಾಲಿ ಇತ್ತು? ವರ್ಷಕ್ಕೊಂದು ಸಲ ಹೊಳೆ ಅಲ್ಲಿಗೆ ಬಂದು ಮಲಗ್ತಿತ್ತು, ಅದಕ್ಕೇ ಯಾರೂ ಮನೆ ಕಟ್ಟಿರಲಿಲ್ಲ. ಹೊಳೆ ಕಾಯ್ದಿಟ್ಟ ಜಾಗದಲ್ಲಿ ಉಳಿದ ಹತ್ತು ತಿಂಗಳು ನಾವು ಆಡಿದ್ವಿ. ಆಮೇಲೆ ಕಲ್ಲು ನೆಟ್ಟು ಸೈಟ್ ಮಾಡಿದ್ರು, ಸಿಮೆಂಟ್ ಹಾಕಿದ್ರು. ಮಕ್ಕಳು ಒಳಗೆ ಹೋದ್ರು, ನೀರೂ ಮನೆಯೊಳಗೆ ಬಂತು. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು ಹೊಕ್ಕ ಮನೆಗಳಲ್ಲಿದ್ದೋರು ಬಡವರು, ಸಾಲ ಮಾಡಿ ಸೈಟ್ ತಗೊಂಡೋರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ನೆಲ ಎಂಥದ್ದು ಅಂತ ಗೊತ್ತಿದ್ದೂ ಮಾರಿದೋರ ಮೇಲೆ, ಸಹಿ ಹಾಕಿದೋರ ಮೇಲೆ ಸಿಟ್ಟಿದೆ.

ಆಟದ ಮೈದಾನ, ಬಯಲು ಜಾಗ ಕಾಪಾಡೋಕೆ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ದಂಡೆಯಲ್ಲಿ ಇನ್ನೂ ಉಳಿದಿರೋ ತುಂಡು ಬಯಲುಗಳನ್ನ ಆ ಕಾಯ್ದೆಯ ಪಟ್ಟಿಗೆ ಸೇರಿಸಲಿ. ತಡೆಗೋಡೆ ಕಟ್ಟೋಕೆ ದುಡ್ಡು ಹುಡುಕೋ ಮುಂಚೆ ಇಷ್ಟು ಮಾಡಲಿ. ಪಾರ್ಕೂ ಬೇಡ, ಕಾರಂಜಿಯೂ ಬೇಡ. ಹಂಗೇ ಮಣ್ಣಾಗಿ ಬಿಡಲಿ.

ಹಿಂದಿನ ಸಲ ಹೊಳೆ ಬಂದಾಗ ಊರಿಗೆ ಹೋಗಿದ್ದೆ. ಅಕ್ಕನ ಮಗ ಕಿಟಕಿಗೆ ಮುಖ ಒತ್ತಿ ನಿಂತಿದ್ದ. ಕೈ ಹಿಡ್ಕೊಂಡು ನೀರಿನ ಅಂಚಿನ ತನಕ ಕರ್ಕೊಂಡು ಹೋದೆ. ಕಡ್ಡಿ ಮುರಿದು ಕೊಟ್ಟೆ. ಹುಗಿಯೋಕೆ ಮಣ್ಣೇ ಇಲ್ಲ, ನೀರಿನ ತನಕ ಸಿಮೆಂಟ್ ರಸ್ತೆ. ಕೊನೆಗೆ ನೀರು ಮುಟ್ಟಿದ ಗೋಡೆ ಮೇಲೆ ಇಟ್ಟಿಗೆ ಚೂರಿಂದ ಗೆರೆ ಎಳೆದ.

ಬೆಳಿಗ್ಗೆ ನನ್ನನ್ನ ಎಬ್ಬಿಸಿದ್ದು ಅವನೇ. "ಮಾಮ, ಗೆರಿ ಕಾಣಕತ್ತೈತಿ. ಒಂದು ಗೇಣು ಇಳದೈತಿ ನೀರು."